ಒಂದೇ ಹಾರ್ಮೋನು, ಸರದಿಯಲ್ಲಿ ಉಬ್ಬುವ ವಂಶವಾಹಿಗಳು: ಹಣ್ಣಿನ ನೊಣದ ಜೊಲ್ಲುಗ್ರಂಥಿಯ ಮೇಲೆ ನಡೆಸಿದ ಕೆಲಸದ ದಾಖಲೆ

ಹುಳು ನೊಣವಾಗುವಾಗ ಎಕ್ಡೈಸೋನ್ ಎಂಬ ಹಾರ್ಮೋನು ವಂಶವಾಹಿಗಳನ್ನು ಎಬ್ಬಿಸುತ್ತದೆ ಎಂದು ಓದುತ್ತೇವೆ. ಎಬ್ಬಿಸುವ ಆ ಗಳಿಗೆಯನ್ನು ಸಾಮಾನ್ಯ ಮೈಕ್ರೋಸ್ಕೋಪಿನಲ್ಲೇ ಕಣ್ಣಾರೆ ನೋಡಬಹುದು. ಇದಕ್ಕೆ ದುಬಾರಿ ಯಂತ್ರವೇನೂ ಬೇಡ. ಬೇಕಾದದ್ದು ಒಂದೇ ವಯಸ್ಸಿನ ಮರಿಹುಳುಗಳು, ಮತ್ತು ಆ ವಯಸ್ಸನ್ನು ಗಂಟೆಯ ಲೆಕ್ಕದಲ್ಲಿ ಹೇಳಬಲ್ಲ ಒಂದು ಉಪಾಯ. ಈ ದಾಖಲೆಯ ಮುಕ್ಕಾಲು ಪಾಲು ಆ ಒಂದು ವಿಷಯದ ಸುತ್ತಲೇ ಇದೆ. ಬಣ್ಣ ಹಾಕುವುದು, ಒತ್ತುವುದು, ಫೋಟೋ ತೆಗೆಯುವುದು ಎಲ್ಲವೂ ಕೈ ಪಳಗಿದರೆ ಬರುತ್ತವೆ. ವಯಸ್ಸು ಮಾತ್ರ ಹಾಗಲ್ಲ. ಅದು ತಪ್ಪಿದರೆ ಎಷ್ಟೇ ಅಂದದ ಸ್ಲೈಡ್ ಆದರೂ ಏನನ್ನೂ ಹೇಳುವುದಿಲ್ಲ.

ನೋಡಲು ಸಾಧ್ಯವಾಗುವುದು ಜೊಲ್ಲುಗ್ರಂಥಿಯ ಜೀವಕೋಶಗಳ ಒಂದು ವಿಶೇಷ ಗುಣದಿಂದ. ಈ ಕೋಶಗಳು ಒಡೆದು ಎರಡಾಗುವುದಿಲ್ಲ, ಆದರೆ ಒಳಗಿನ ಡಿಎನ್‌ಎ ಮಾತ್ರ ಮತ್ತೆ ಮತ್ತೆ ನಕಲಾಗುತ್ತ ಹೋಗುತ್ತದೆ. ಸುಮಾರು ಹತ್ತು ಸುತ್ತು ನಕಲಾದ ಮೇಲೆ ಸಾವಿರಕ್ಕೂ ಹೆಚ್ಚು ಎಳೆಗಳು ತಲೆಗೆ ತಲೆ, ಬಾಲಕ್ಕೆ ಬಾಲ ಹೊಂದಿಕೊಂಡು ಒಂದೇ ದಪ್ಪ ವರ್ಣತಂತುವಾಗಿ ನಿಲ್ಲುತ್ತವೆ. ಉದ್ದಕ್ಕೂ ಕಪ್ಪು ಬಿಳುಪು ಪಟ್ಟಿಗಳು. ಯಾವ ಪಟ್ಟಿಯ ವಂಶವಾಹಿ ಜೋರಾಗಿ ಕೆಲಸ ಮಾಡುತ್ತಿದೆಯೋ ಅಲ್ಲಿ ಸಾವಿರ ಎಳೆಗಳೂ ಸಡಿಲಗೊಂಡು ಹೊರಕ್ಕೆ ಉಬ್ಬುತ್ತವೆ. ಇದನ್ನೇ ‘ಪಫ್’ ಎನ್ನುತ್ತಾರೆ. ನಾನು ಉಬ್ಬು ಎಂದೇ ಬರೆಯುತ್ತೇನೆ.

ಬಾಲ್ಬಿಯಾನಿ ಈ ದಪ್ಪ ತಂತುಗಳನ್ನು 1881ರಲ್ಲೇ ಕೈರೋನೋಮಸ್ ಎಂಬ ಸಣ್ಣ ನೊಣದ ಮರಿಯಲ್ಲಿ ಕಂಡಿದ್ದ. ಅವು ವರ್ಣತಂತುಗಳೇ ಎಂದು ಗೊತ್ತಾದದ್ದು 1933ರಲ್ಲಿ. ಹಣ್ಣಿನ ನೊಣದ ವರ್ಣತಂತುಗಳನ್ನು 102 ವಿಭಾಗಗಳಾಗಿ ಎಣಿಸಿ ಬ್ರಿಜಸ್ ನಕ್ಷೆ ಬರೆದದ್ದು 1935ರಲ್ಲಿ. ಅದೇ ನಕ್ಷೆಯನ್ನು ಇವತ್ತಿಗೂ ಪಕ್ಕದಲ್ಲಿಟ್ಟುಕೊಂಡು ಸ್ಲೈಡ್ ಓದುತ್ತೇವೆ. ಹಾರ್ಮೋನಿಗೂ ಉಬ್ಬಿಗೂ ನೇರ ನಂಟು ಕಟ್ಟಿದವರು ಕ್ಲೆವರ್ ಮತ್ತು ಕಾರ್ಲ್ಸನ್, 1960ರಲ್ಲಿ. ಅವರು ಕೈರೋನೋಮಸ್ ಮರಿಗೆ ಎಕ್ಡೈಸೋನ್ ಚುಚ್ಚಿದಾಗ 15ರಿಂದ 30 ನಿಮಿಷದೊಳಗೆ ಒಂದು ನಿರ್ದಿಷ್ಟ ಜಾಗ ಉಬ್ಬಿತು, ಅದರ ಹಿಂದೆಯೇ ಇನ್ನೊಂದು. ಹಾರ್ಮೋನು ವಂಶವಾಹಿಯ ಮೇಲೇ ಕೆಲಸ ಮಾಡುತ್ತದೆ ಎಂಬ ಮಾತಿಗೆ ಅಷ್ಟು ನೇರವಾದ ಸಾಕ್ಷಿ ಅದಕ್ಕೆ ಮೊದಲು ಯಾವ ಪ್ರಾಣಿಯಲ್ಲೂ ಸಿಕ್ಕಿರಲಿಲ್ಲ. ಆ ಎಕ್ಡೈಸೋನ್ ಕೂಡ ಸುಮ್ಮನೆ ಸಿಕ್ಕದ್ದಲ್ಲ. 1954ರಲ್ಲಿ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆಹುಳುವಿನ ಪ್ಯೂಪಾಗಳನ್ನು ಅರೆದು, ಸೋಸಿ, ಕೊನೆಗೆ ಪಡೆದ ಹರಳು 25 ಮಿಲಿಗ್ರಾಂ.

ಪೆಟ್ಟಿಗೆ

ಕೀಟದ ವಯಸ್ಸನ್ನು ಗಡಿಯಾರದ ಜೊತೆ ತಾಪಮಾನವೂ ತೀರ್ಮಾನಿಸುತ್ತದೆ. ಹಣ್ಣಿನ ನೊಣ 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು 10 ದಿನ ಹಿಡಿಯುತ್ತದೆ, 18 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಪ್ರಕಟವಾಗಿರುವ ಉಬ್ಬುಗಳ ವೇಳಾಪಟ್ಟಿಗಳೆಲ್ಲ 25 ಡಿಗ್ರಿಯವು. ಹಾಗಾಗಿ ಮೊದಲ ಕೆಲಸ 25ರಲ್ಲಿ ಅಲುಗದೆ ನಿಲ್ಲುವ ಪೆಟ್ಟಿಗೆ.

ದಪ್ಪ ಥರ್ಮೋಕೋಲ್ ಪೆಟ್ಟಿಗೆ, ಒಂದು ಡಿಜಿಟಲ್ ಥರ್ಮೋಸ್ಟಾಟ್, ಗೋಡೆಗೆ ಅಂಟಿಸಿದ ಶಾಖದ ಹಾಳೆ, ಎದುರು ಗೋಡೆಗೆ ಪೆಲ್ಟಿಯರ್ ತಂಪುಕಾರಕ. ಬಲ್ಬು ಬಳಸಲಿಲ್ಲ. ಬಲ್ಬಿನ ಪಕ್ಕದ ಶೀಶೆಯ ಆಹಾರ ಒಣಗಿ ಬಿರುಕು ಬಿಡುತ್ತದೆ, ಮರಿಗಳು ಒಂದೇ ಕಡೆ ಸೇರುತ್ತವೆ. ಥರ್ಮೋಸ್ಟಾಟ್ 25 ತೋರಿಸುತ್ತಿದ್ದರೂ ಪೆಟ್ಟಿಗೆಯ ಮೇಲ್ಭಾಗಕ್ಕೂ ತಳಕ್ಕೂ ಎರಡು ಡಿಗ್ರಿ ವ್ಯತ್ಯಾಸ ಸಿಕ್ಕಿತು. ಒಂದೇ ಹೊತ್ತಿನಲ್ಲಿ ಇಟ್ಟ ಮೊಟ್ಟೆಗಳಿಂದ ಬಂದ ಮರಿಗಳು ಮೇಲಿನ ಶೀಶೆಯಲ್ಲಿ ಗೋಡೆ ಹತ್ತುತ್ತಿದ್ದರೆ ಕೆಳಗಿನವು ಇನ್ನೂ ಆಹಾರದಲ್ಲೇ ಮುಖ ಹುದುಗಿಸಿಕೊಂಡಿದ್ದವು. ಕಂಪ್ಯೂಟರಿನಿಂದ ಕಳಚಿದ ಹಳೆಯ ಫ್ಯಾನನ್ನು ನಿಧಾನಗತಿಯಲ್ಲಿ ಸದಾ ತಿರುಗುವಂತೆ ಕೂರಿಸಿದ ಮೇಲೆ ಆ ಅಂತರ ಹೋಯಿತು.

ಇನ್ನೊಂದು ಬದಲಾವಣೆ ಸಂವೇದಕದ್ದು. ಗಾಳಿಯಲ್ಲಿ ತೂಗುವ ಸಂವೇದಕ ಬಾಗಿಲು ತೆಗೆದ ತಕ್ಷಣ ಗಾಬರಿಯಾಗಿ ಶಾಖ ಹಚ್ಚುತ್ತದೆ. ಅದನ್ನು ನೀರು ತುಂಬಿದ ಒಂದು ಶೀಶೆಯೊಳಗೆ, ಮರಿಗಳ ಶೀಶೆಗಳ ಮಟ್ಟದಲ್ಲೇ ಇಳಿಬಿಟ್ಟರೆ ಮರಿಗಳಿಗೆ ತಾಗುವ ತಾಪವೇ ಅದಕ್ಕೂ ತಾಗುತ್ತದೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ತುಂಬಿದೆ. ನೀರು ಶಾಖ ಹಿಡಿದಿಟ್ಟುಕೊಳ್ಳುವುದರಿಂದ ಏರಿಳಿತ ಅರ್ಧ ಡಿಗ್ರಿಯೊಳಗೆ ಬಂತು.

ಬರೀ ಅಂದವಾದ ವರ್ಣತಂತು ನೋಡುವ ಆಸೆಯಿದ್ದರೆ ಮರಿಗಳನ್ನು 18 ಡಿಗ್ರಿಯಲ್ಲಿ ಬೆಳೆಸುವುದೇ ಒಳ್ಳೆಯದು, ಅವು ಕೊಬ್ಬಿ ಬೆಳೆಯುತ್ತವೆ. ನನಗೆ ಬೇಕಿದ್ದದ್ದು ಸರದಿ. ಅದಕ್ಕೆ 25ನ್ನು ಬಿಡಲಿಲ್ಲ.

ಪೆಟ್ಟಿಗೆಯ ತಳಕ್ಕೆ ಕಾಗದ ಹಾಸುವಾಗ ನೆನಪಾದ ಒಂದು ಘಟನೆಯನ್ನು ಇಲ್ಲೇ ಹೇಳಿಬಿಡುತ್ತೇನೆ. 1965ರಲ್ಲಿ ಸ್ಲಾಮಾ ಮತ್ತು ವಿಲಿಯಮ್ಸ್ ಹಾರ್ವರ್ಡಿನಲ್ಲಿ ಪಿರ್ರೊಕೋರಿಸ್ ಎಂಬ ತಿಗಣೆಜಾತಿಯ ಕೀಟವನ್ನು ಸಾಕುತ್ತಿದ್ದರು. ಯುರೋಪಿನಲ್ಲಿ ಸರಿಯಾಗಿ ಬೆಳೆಯುತ್ತಿದ್ದ ಕೀಟ ಅಲ್ಲಿ ಪ್ರೌಢವಾಗದೆ ಮತ್ತೊಮ್ಮೆ ಮರಿಯಾಗಿಯೇ ಪೊರೆ ಕಳಚುತ್ತಿತ್ತು. ಕಾರಣ ಪಾತ್ರೆಯೊಳಗೆ ಹಾಸಿದ್ದ ಅಮೆರಿಕದ ಕಾಗದ. ಆ ಕಾಗದಕ್ಕೆ ಬಳಸಿದ ಬಾಲ್ಸಂ ಫರ್ ಮರದಲ್ಲಿ ಕೀಟದ ಬಾಲ್ಯ ಹಾರ್ಮೋನಿನಂತೆಯೇ ವರ್ತಿಸುವ ಜುವಾಬಿಯೋನ್ ಎಂಬ ವಸ್ತುವಿತ್ತು. ಅದು ಆ ಕುಟುಂಬದ ತಿಗಣೆಗಳಿಗೆ ಮಾತ್ರ ತಟ್ಟುವಂಥದ್ದು, ನೊಣಗಳಿಗೆ ತೊಂದರೆಯಿಲ್ಲ. ಆದರೂ ರೂಪಾಂತರದ ಮೇಲೆ ಕೆಲಸ ಮಾಡುವವರು ಮರಿಗಳ ಸುತ್ತ ಏನೇನಿದೆ ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದಿಡಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಬಾಲ್ಯ ಹಾರ್ಮೋನಿನ ಪಾತ್ರ ಹೀಗೆ. ಎಕ್ಡೈಸೋನ್ ‘ಪೊರೆ ಕಳಚು’ ಎನ್ನುತ್ತದೆ. ಕಳಚಿದ ಮೇಲೆ ಮರಿಯೇ ಆಗಬೇಕೋ ಮುಂದಿನ ರೂಪಕ್ಕೆ ಹೋಗಬೇಕೋ ಎಂಬುದನ್ನು ಬಾಲ್ಯ ಹಾರ್ಮೋನಿನ ಇರವು ತೀರ್ಮಾನಿಸುತ್ತದೆ. ಅದು ಮೆಟ್ ಎಂಬ ಗ್ರಾಹಕಕ್ಕೆ, ಅಂದರೆ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ, ಕೂಡಿಕೊಂಡು ಕೆಆರ್-ಎಚ್1 ಎಂಬ ವಂಶವಾಹಿಯನ್ನು ಎಬ್ಬಿಸುತ್ತದೆ. ಕೆಆರ್-ಎಚ್1 ಎದ್ದಿರುವಷ್ಟು ಕಾಲ ರೂಪಾಂತರದ ವಂಶವಾಹಿಗಳು ಏಳುವುದಿಲ್ಲ. ಹಿಟ್ಟಿನ ಕೆಂಪು ಜೀರುಂಡೆಯ ಮರಿಯಲ್ಲಿ ಮೆಟ್ ಅನ್ನು ಅಡಗಿಸಿದರೆ ಅದು ಅವಧಿಗೆ ಮೊದಲೇ ಪ್ಯೂಪಾ ಆಗಲು ಹೊರಡುತ್ತದೆ. ಹಣ್ಣಿನ ನೊಣದ ಮರಿ ಮಾತ್ರ ಬಾಲ್ಯ ಹಾರ್ಮೋನಿಗೆ ಅಷ್ಟು ಬಗ್ಗುವುದಿಲ್ಲ, ಹೊರಗಿನಿಂದ ಹಾಕಿದರೂ ಪ್ಯೂಪಾ ಕವಚ ಕಟ್ಟಿಯೇ ಕಟ್ಟುತ್ತದೆ. ಹಾಗಾಗಿ ಈ ಕೆಲಸದಲ್ಲಿ ಎಕ್ಡೈಸೋನೊಂದನ್ನೇ ಹಿಂಬಾಲಿಸಿದೆ.

ಆಹಾರ ಮತ್ತು ನೀಲಿ ಬಣ್ಣ

ಲೀಟರಿಗೆ 10 ಗ್ರಾಂ ಅಗರ್, 70 ಗ್ರಾಂ ಮೆಕ್ಕೆಜೋಳದ ಹಿಟ್ಟು, 50 ಗ್ರಾಂ ಸಕ್ಕರೆ, 20 ಗ್ರಾಂ ಒಣ ಯೀಸ್ಟ್. ಕುದಿಸಿ, 60 ಡಿಗ್ರಿಗೆ ಇಳಿದ ಮೇಲೆ ಬೂಸ್ಟು ತಡೆಯಲು 5 ಮಿಲಿಲೀಟರ್ ಪ್ರೊಪಿಯೋನಿಕ್ ಆಮ್ಲ. ಇದಕ್ಕೆ ಅರ್ಧ ಗ್ರಾಂ ಬ್ರೋಮೋಫಿನಾಲ್ ಬ್ಲೂ ಸೇರಿಸಿದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಕಾರ ಮಾಡಿದ್ದು ಈ ಅರ್ಧ ಗ್ರಾಂ.

ಮೂರನೆಯ ಹಂತದ ಮರಿ ತಿನ್ನುವುದು ನಿಲ್ಲಿಸಿ ಗೋಡೆ ಹತ್ತಲು ತೊಡಗಿದಾಗ ಅದರ ಕರುಳು ಕಡುನೀಲಿಯಾಗಿ ಹೊರಗಿನಿಂದಲೇ ಕಾಣುತ್ತದೆ. ಗಂಟೆಗಳು ಕಳೆದಂತೆ ಕರುಳು ಖಾಲಿಯಾಗುತ್ತ ಬಣ್ಣ ತಿಳಿಯಾಗುತ್ತದೆ. ಪೂರ್ತಿ ಬಣ್ಣ ಹೋದ ಮರಿ ಇನ್ನು ಕೆಲವೇ ಗಂಟೆಗಳಲ್ಲಿ ಕವಚ ಕಟ್ಟುತ್ತದೆ. ಅಂದರೆ ಗೋಡೆಯ ಮೇಲೆ ಅಡ್ಡಾಡುತ್ತಿರುವ ಮರಿಗಳನ್ನು ಕೊಲ್ಲದೆ, ಮುಟ್ಟದೆ, ಬರೀ ಬಣ್ಣ ನೋಡಿ ಕಡುನೀಲಿ, ತಿಳಿನೀಲಿ, ಬಣ್ಣ ಹೋದವು ಎಂದು ಮೂರು ಗುಂಪು ಮಾಡಬಹುದು. ಅದರ ಮುಂದಿನ ಗುರುತು ಇನ್ನೂ ಖಚಿತ. ಮರಿ ಅಲುಗಾಡುವುದನ್ನು ನಿಲ್ಲಿಸಿ, ಮುಂಭಾಗದ ಉಸಿರುನಾಳಗಳನ್ನು ಎರಡು ಸಣ್ಣ ಕುಚ್ಚುಗಳಂತೆ ಹೊರಚಾಚಿ, ಮೈ ಕುಗ್ಗಿಸಿ ಬೆಳ್ಳಗೆ ಅಂಟಿಕೊಂಡಿರುತ್ತದೆ. ಬಿಳಿ ಪ್ರಿಪ್ಯೂಪಾ ಎನ್ನುವುದು ಇದನ್ನೇ. ಈ ಬಿಳುಪು ಒಂದು ಗಂಟೆಯೂ ಉಳಿಯದೆ ಕಂದುಬಣ್ಣಕ್ಕೆ ತಿರುಗುತ್ತದೆ. ಅದನ್ನೇ ಸೊನ್ನೆ ಗಂಟೆ ಎಂದು ಹಿಡಿದು ಮುಂದಿನದನ್ನೆಲ್ಲ ಎಣಿಸಿದೆ.

ಶೀಶೆಗೆ ಮೂವತ್ತು ನಲವತ್ತು ಮೊಟ್ಟೆಗಿಂತ ಹೆಚ್ಚು ಬಿಡಬಾರದು. ಕಿಕ್ಕಿರಿದು ಬೆಳೆದ ಮರಿಯ ಗ್ರಂಥಿ ಸೊರಗಿರುತ್ತದೆ, ವರ್ಣತಂತುವೂ ತೆಳ್ಳಗಿರುತ್ತದೆ.

ಗ್ರಂಥಿ ಬಿಡಿಸುವುದು

ಕಪ್ಪು ಹಿನ್ನೆಲೆಯ ಮೇಲೆ ಗಾಜಿನ ಸ್ಲೈಡ್, ಅದರ ಮೇಲೆ 0.7 ಶೇಕಡಾ ಉಪ್ಪುನೀರಿನ ಹನಿ, ಹನಿಯಲ್ಲಿ ಮರಿ. ಎರಡು ಮೊನಚು ಚಿಮುಟಗಳು ಬೇಕು. ಒಂದರಿಂದ ಮೈಯ ನಡುವನ್ನು ಹಿಡಿದು, ಇನ್ನೊಂದರಿಂದ ಬಾಯಿಯ ಕಪ್ಪು ಕೊಕ್ಕೆಯ ಬುಡವನ್ನು ಹಿಡಿದು, ಒಂದೇ ಸಮನೆ ಎಳೆದರೆ ತಲೆಯ ಜೊತೆ ಗ್ರಂಥಿಗಳ ಜೋಡಿ ಈಚೆ ಬರುತ್ತದೆ. ಜರ್ಕು ಕೊಟ್ಟರೆ ನಾಳ ತುಂಡಾಗಿ ಗ್ರಂಥಿ ಒಳಗೇ ಉಳಿಯುತ್ತದೆ. ಅಂಚಿಗೆ ಅಂಟಿಕೊಂಡ ಹಾಲುಬಿಳಿಯ ಕೊಬ್ಬನ್ನು ಸೂಜಿಯಿಂದ ಬಿಡಿಸಬೇಕು. ಕೊಬ್ಬು ಉಳಿದರೆ ಒತ್ತುವಾಗ ಎಣ್ಣೆಹನಿಯಾಗಿ ಹರಡಿ ಎಲ್ಲವನ್ನೂ ಮುಚ್ಚುತ್ತದೆ.

ಈ ಹಂತದಲ್ಲಿ ಅವಸರ ಮಾಡದೆ ಗ್ರಂಥಿಯನ್ನು ಹಾಗೇ ಸ್ವಲ್ಪ ಹೊತ್ತು ನೋಡುವುದು ಒಳ್ಳೆಯದು. ಕಡುನೀಲಿ ಕರುಳಿನ ಮರಿಯ ಗ್ರಂಥಿ ಸಣ್ಣ ಗಾಜಿನ ಚೀಲದ ಹಾಗೆ ಪಾರದರ್ಶಕ. ಒಂದೊಂದು ಕೋಶವೂ ಬಿಡಿಬಿಡಿಯಾಗಿ, ಒಂದೊಂದರ ನಡುವೆಯೂ ಗುಂಡನೆಯ ಕೋಶಕೇಂದ್ರ ಸ್ಪಷ್ಟವಾಗಿ ಕಾಣುತ್ತದೆ. ಬಣ್ಣ ಹೋದ ಮರಿಯದ್ದಾದರೆ ಗ್ರಂಥಿಯ ನಡುಕೊಳವೆ ಬಿಗಿಯಾಗಿ ಉಬ್ಬಿರುತ್ತದೆ. ಅದರ ತುಂಬ ಅಂಟು. ಚಿಮುಟದ ತುದಿ ತಾಗಿದರೆ ನೂಲಿನಂತೆ ಎಳೆಯೆಳೆಯಾಗಿ ಬರುತ್ತದೆ. ಕವಚವನ್ನು ಗೋಡೆಗೆ ಅಂಟಿಸಿಕೊಳ್ಳಲು ಮರಿ ಉಗುಳುವ ಅಂಟು ಇದೇ. ಬಿಳಿ ಪ್ರಿಪ್ಯೂಪಾದಲ್ಲಿ ಇದು ಖಾಲಿಯಾಗಿರುತ್ತದೆ. ವರ್ಣತಂತು ನೋಡುವ ಮೊದಲೇ ಗ್ರಂಥಿಯ ಆಕಾರ ಅರ್ಧ ಕಥೆ ಹೇಳಿರುತ್ತದೆ. ಮೊದಲು ಅಂಟು ಮಾಡುವ ವಂಶವಾಹಿಗಳು ಎದ್ದಿದ್ದವು, ಆಮೇಲೆ ಮಲಗಿದವು, ಮಾಡಿಟ್ಟ ಅಂಟು ಹೊರಗೆ ಹೋಯಿತು.

ಬಣ್ಣ, ಒತ್ತು

ಗ್ರಂಥಿಯನ್ನು 45 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಅರ್ಧ ನಿಮಿಷ ಇಟ್ಟು, ವರ್ಣತಂತುವಿಗೆ ಬಣ್ಣ ಹಿಡಿಸುವ ಅಸಿಟೋ-ಓರ್ಸೀನ್ ಹನಿಗೆ ದಾಟಿಸಿದೆ. ಹತ್ತು ನಿಮಿಷ ಸಾಕು. ಕಿಟಕಿ ತೆರೆದಿರಲಿ, ಆಮ್ಲದ ಆವಿ ಗಂಟಲಿಗೆ ಒಳ್ಳೆಯದಲ್ಲ. ಕವರ್‌ಸ್ಲಿಪ್ ಮುಚ್ಚಿ, ಪೆನ್ಸಿಲಿನ ರಬ್ಬರ್ ತುದಿಯಿಂದ ನಡುವಿನಿಂದ ಅಂಚಿಗೆ ಸುತ್ತಿಕೊಂಡು ಹೋಗುವಂತೆ ಮೆಲ್ಲಗೆ ತಟ್ಟಿದರೆ ಕೋಶಕೇಂದ್ರಗಳು ಒಡೆದು ವರ್ಣತಂತುಗಳ ತೋಳುಗಳು ಹರಡುತ್ತವೆ. ನಂತರ ಹೀರುಕಾಗದದ ನಡುವೆ ಇಟ್ಟು ಒತ್ತಬೇಕು.

ಹೆಬ್ಬೆರಳಿನಲ್ಲಿ ಒತ್ತುವುದೇ ರೂಢಿ. ಆದರೆ ಬೆರಳು ಒತ್ತುವ ಜೊತೆಗೇ ಕೂದಲೆಳೆಯಷ್ಟು ಪಕ್ಕಕ್ಕೂ ಜಾರುತ್ತದೆ. ಅಷ್ಟು ಜಾರಿದರೆ ಸಾಕು, ತೋಳುಗಳು ಹಿಂಜಿಹೋಗಿ ಉಬ್ಬು ಯಾವುದು ಹರಿದ ಜಾಗ ಯಾವುದು ತಿಳಿಯದು. ಅದಕ್ಕೆ ಮೇಜಿಗೆ ಬಿಗಿಯುವ ಸಣ್ಣ ವೈಸ್ ಒಂದನ್ನು ಒತ್ತುಯಂತ್ರ ಮಾಡಿಕೊಂಡೆ. ಎರಡು ದವಡೆಗೂ ಚಪ್ಪಟೆ ಅಲ್ಯುಮಿನಿಯಂ ತಟ್ಟೆ, ಒಂದು ತಟ್ಟೆಗೆ ತೆಳು ರಬ್ಬರ್ ಹಾಳೆ. ಹೀರುಕಾಗದದಲ್ಲಿ ಸುತ್ತಿದ ಸ್ಲೈಡನ್ನು ನಡುವೆ ಇಟ್ಟು ನಿಧಾನವಾಗಿ ತಿರುಗಿಸಿದರೆ ಒತ್ತಡ ನೆಟ್ಟಗೆ ಬೀಳುತ್ತದೆ. ರಬ್ಬರ್ ಇರುವುದರಿಂದ ಗಾಜು ಒಡೆಯುವುದಿಲ್ಲ. ಕೆಲವು ನಿಮಿಷ ಹಾಗೇ ಬಿಟ್ಟು ತೆಗೆದರೆ ಎಲ್ಲ ಕೋಶಕೇಂದ್ರಗಳೂ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿರುತ್ತವೆ. ಅಂಚಿಗೆ ಉಗುರುಬಣ್ಣ ಹಚ್ಚಿದರೆ ಕೆಲವು ದಿನ ಒಣಗದು.

ಓರ್ಸೀನ್ ಕೆಂಪುನೇರಳೆ. ಆದ್ದರಿಂದ ದೀಪದ ಮುಂದೆ ಹಸಿರು ಫಿಲ್ಟರ್ ಇಟ್ಟರೆ ಪಟ್ಟಿಗಳು ಬಹುತೇಕ ಕಪ್ಪಾಗಿ ಎದ್ದು ಕಾಣುತ್ತವೆ. ಉಬ್ಬು ನೋಡಲು 40ರ ಮಸೂರವೇ ಸಾಕು, ಪಟ್ಟಿ ಎಣಿಸಲು ಎಣ್ಣೆಯ 100 ಬೇಕು.

ಸರದಿ

ಐದು ಉದ್ದ ತೋಳುಗಳನ್ನೂ ಒಟ್ಟಿಗೆ ಓದಲು ಹೊರಟರೆ ತಲೆ ಸುತ್ತುತ್ತದೆ. ಮೂರನೆಯ ವರ್ಣತಂತುವಿನ ಎಡತೋಳನ್ನು, ಅಂದರೆ ನಕ್ಷೆಯ 61ರಿಂದ 80ರವರೆಗಿನ ವಿಭಾಗಗಳನ್ನು ಮಾತ್ರ ಓದಿದೆ. ಕಥೆಯ ಮುಖ್ಯ ಪಾತ್ರಗಳು ಆ ಒಂದೇ ತೋಳಿನಲ್ಲಿ ಸಿಗುತ್ತವೆ.

ಕಡುನೀಲಿ ಕರುಳಿನ ಮರಿಗಳಲ್ಲಿ 68ಸಿ, ಅಂದರೆ 68ನೆಯ ವಿಭಾಗದ ಸಿ ಎಂಬ ಉಪವಿಭಾಗ, ದೊಡ್ಡದಾಗಿ ಉಬ್ಬಿದೆ. ಅಂಟಿನ ಮೂರು ವಂಶವಾಹಿಗಳು ಇರುವ ಜಾಗ ಅದು. ಅದೇ ತೋಳಿನ 74ಇಎಫ್ ಮತ್ತು 75ಬಿ ಬಿಗಿಯಾಗಿ, ಪಟ್ಟಿ ಪಟ್ಟಿಯಾಗಿವೆ. ಬಣ್ಣ ಹೋದ ಮರಿಗಳಲ್ಲಿ ಚಿತ್ರ ತಲೆಕೆಳಗು. 68ಸಿ ಕುಗ್ಗಿ ಹೋಗಿದೆ, 74ಇಎಫ್ ಮತ್ತು 75ಬಿ ಅಕ್ಕಪಕ್ಕದಲ್ಲಿ ಎರಡು ದೊಡ್ಡ ಮಸುಕು ಉಬ್ಬುಗಳಾಗಿ ತೋಳಿನ ಅಗಲವನ್ನೇ ಮೀರಿವೆ. ಉಬ್ಬಿನ ಒಳಗೆ ಪಟ್ಟಿಯಿಲ್ಲ, ಬರೀ ಹತ್ತಿಯಂಥ ಮಸುಕು. ಅಂಚಿನಲ್ಲಿ ಮಾತ್ರ ಪಕ್ಕದ ಪಟ್ಟಿಗಳು ಬಾಗಿ ನಿಂತಿರುತ್ತವೆ. ಬಿಳಿ ಪ್ರಿಪ್ಯೂಪಾಕ್ಕೆ ಬಂದರೆ ಆ ಎರಡೂ ಇಳಿಯುತ್ತಿವೆ, 62ಇ, 71ಇ, 78ಡಿಗಳಂಥ ಹೊಸ ಜಾಗಗಳು ಎದ್ದಿವೆ.

ಹಾರ್ಮೋನು ಒಂದೇ. ಆದರೆ ಕೆಲವು ವಂಶವಾಹಿ ಮಲಗುತ್ತವೆ, ಕೆಲವು ತಕ್ಷಣ ಏಳುತ್ತವೆ, ಇನ್ನು ಕೆಲವು ತಡವಾಗಿ ಏಳುತ್ತವೆ. ಇದನ್ನು ಬಿಡಿಸಿ ಹೇಳಿದವರು ಮೈಕೆಲ್ ಆಶ್‌ಬರ್ನರ್ ಮತ್ತು ಜೊತೆಗಾರರು, 1970ರ ದಶಕದ ಮೊದಲ ವರ್ಷಗಳಲ್ಲಿ. ಅವರು ಗ್ರಂಥಿಗಳನ್ನು ಮೈಯಿಂದ ಹೊರತೆಗೆದು, ಪೋಷಕ ದ್ರವದಲ್ಲಿಟ್ಟು ಹಾರ್ಮೋನು ಹಾಕಿದರು. ಕೆಲವೇ ಜಾಗಗಳು ನಿಮಿಷಗಳಲ್ಲಿ ಎದ್ದು ನಾಲ್ಕು ಗಂಟೆಯ ಹೊತ್ತಿಗೆ ತುಂಬಿ ಇಳಿದವು, ನೂರಕ್ಕೂ ಹೆಚ್ಚು ಜಾಗಗಳು ಗಂಟೆಗಳ ನಂತರ ಎದ್ದವು. ಪ್ರೋಟೀನು ತಯಾರಿಕೆಯನ್ನು ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಸೇರಿಸಿದಾಗ ಮೊದಲಿನವು ಎಂದಿನಂತೆ ಎದ್ದವು, ಆದರೆ ಇಳಿಯಲಿಲ್ಲ. ತಡವಾದವು ಏಳಲೇ ಇಲ್ಲ. ಇದರಿಂದ ಅವರು ಕಟ್ಟಿದ ತರ್ಕ 1974ರದ್ದು: ಹಾರ್ಮೋನು ಮತ್ತು ಅದರ ಗ್ರಾಹಕ ಸೇರಿ ಮುಂಗಡ (ಮೊದಲು ಏಳುವ) ವಂಶವಾಹಿಗಳನ್ನು ನೇರವಾಗಿ ಎಬ್ಬಿಸುತ್ತವೆ, ಅದೇ ಜೋಡಿ ತಡದ ವಂಶವಾಹಿಗಳನ್ನು ಹಿಡಿದಿಡುತ್ತದೆ. ಮುಂಗಡದವು ಮಾಡಿದ ಪ್ರೋಟೀನುಗಳೇ ಆ ಹಿಡಿತ ಬಿಡಿಸಿ ತಡದವನ್ನು ಎಬ್ಬಿಸುತ್ತವೆ, ಜೊತೆಗೆ ತಮ್ಮ ವಂಶವಾಹಿಗಳನ್ನೂ ಮಲಗಿಸುತ್ತವೆ. ಯಾವ ಅಣುವನ್ನೂ ಕೈಗೆ ತೆಗೆದುಕೊಳ್ಳದೆ, ಬರೀ ಉಬ್ಬುಗಳ ಅಗಲ ಅಳೆದು ಹೇಳಿದ ಮಾತು ಅದು. ಮುಂದೆ ಅಣುಗಳೇ ಸಿಕ್ಕಾಗ ಅದರ ಚೌಕಟ್ಟು ಹಾಗೆಯೇ ನಿಂತಿತು ಎನ್ನುವುದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ.

ಗ್ರಾಹಕ ಸಿಕ್ಕಿದ್ದು 1991ರಲ್ಲಿ, ಡೇವಿಡ್ ಹಾಗ್ನೆಸ್ ಅವರ ಪ್ರಯೋಗಾಲಯದಲ್ಲಿ. ಇಸಿಆರ್ ಎಂಬ ಆ ಪ್ರೋಟೀನು ಒಂಟಿಯಾಗಿ ಕೆಲಸ ಮಾಡದು, ಅಲ್ಟ್ರಾಸ್ಪೈರಾಕಲ್ ಎಂಬ ಜೊತೆಗಾರ ಬೇಕು. ಹಾರ್ಮೋನು ಇಲ್ಲದಾಗಲೂ ಈ ಜೋಡಿ ಡಿಎನ್‌ಎ ಮೇಲೆ ಕೂತು, ವಂಶವಾಹಿಯನ್ನು ತಡೆಯುವ ಪ್ರೋಟೀನುಗಳನ್ನು ಹತ್ತಿರ ಇಟ್ಟುಕೊಂಡಿರಬಲ್ಲದು. ಹಾರ್ಮೋನು ಬಂದು ಕೂಡಿಕೊಂಡಾಗ ಆಕಾರ ಬದಲಾಗಿ ತಡೆಯುವವು ಬಿಡುತ್ತವೆ, ಎಬ್ಬಿಸುವವು ಸೇರುತ್ತವೆ. 74ಇಎಫ್‌ನಲ್ಲಿರುವ ಇ74, 75ಬಿಯಲ್ಲಿರುವ ಇ75, ಎಕ್ಸ್ ವರ್ಣತಂತುವಿನ ತುದಿಯ ಹತ್ತಿರ 2ಬಿ5ರಲ್ಲಿರುವ ಬ್ರಾಡ್ ಇವೆಲ್ಲ ಬೇರೆ ವಂಶವಾಹಿಗಳನ್ನು ನಿಯಂತ್ರಿಸುವ ಪ್ರೋಟೀನುಗಳನ್ನೇ ಮಾಡುತ್ತವೆ. 71ಇಯ ತಡದ ವಂಶವಾಹಿಗಳನ್ನು ಎಬ್ಬಿಸುವುದು ಇ74 ಮತ್ತು ಬ್ರಾಡ್.

ಸರದಿಗೆ ಇನ್ನೊಂದು ಕಾರಣ ವಂಶವಾಹಿಯ ಉದ್ದವೇ. ಇ74ಎ ಘಟಕ ಸುಮಾರು 60,000 ಅಕ್ಷರ ಉದ್ದ. ಕೋಶದೊಳಗೆ ಆರ್‌ಎನ್‌ಎ ಬರೆಯುವ ಯಂತ್ರ ನಿಮಿಷಕ್ಕೆ ಸುಮಾರು 1,100 ಅಕ್ಷರ ಓದುತ್ತದೆ. ತಲೆಯಿಂದ ಬಾಲದವರೆಗೆ ಓದಿ ಮುಗಿಸಲು ಹತ್ತಿರ ಹತ್ತಿರ ಒಂದು ಗಂಟೆ. ಹಾರ್ಮೋನು ನಿಮಿಷಗಳಲ್ಲಿ ತಟ್ಟಿದರೂ ಪೂರ್ತಿ ಸಂದೇಶ ಸಿದ್ಧವಾಗುವುದು ಗಂಟೆಯ ನಂತರ. ವಂಶವಾಹಿಯ ಉದ್ದವೇ ಇಲ್ಲಿ ಗಡಿಯಾರ.

ಗಂಟು

ಇದೆಲ್ಲ ಹಾರ್ಮೋನಿನಿಂದಲೇ ಎಂದು ತೋರಿಸಲು ಯಾವ ರಾಸಾಯನಿಕವೂ ಇಲ್ಲದ ಒಂದು ಹಳೆಯ ಪ್ರಯೋಗವಿದೆ. 1935ರಲ್ಲಿ ಫ್ರೆಂಕೆಲ್ ಕ್ಯಾಲಿಫೋರಾ ನೊಣದ ಮರಿಯ ನಡುವಿಗೆ ದಾರ ಬಿಗಿದಾಗ ಮುಂದಿನರ್ಧ ಕವಚ ಕಟ್ಟಿತು, ಹಿಂದಿನರ್ಧ ಮರಿಯಾಗಿಯೇ ಉಳಿಯಿತು. ಕವಚ ಕಟ್ಟುತ್ತಿರುವ ಮರಿಯ ರಕ್ತವನ್ನು ಹಿಂದಿನರ್ಧಕ್ಕೆ ಚುಚ್ಚಿದಾಗ ಅದೂ ಕವಚ ಕಟ್ಟಿತು. 1962ರಲ್ಲಿ ಬೆಕರ್ ಇದನ್ನೇ ಹಣ್ಣಿನ ನೊಣದ ಉಬ್ಬುಗಳವರೆಗೆ ಒಯ್ದ.

ಹಣ್ಣಿನ ನೊಣದ ಮರಿ ಚಿಕ್ಕದು, ಕೈಗೆ ಸಿಗದೆ ಹೊರಳುತ್ತದೆ. ಮಂಜುಗಡ್ಡೆಯ ಮೇಲಿಟ್ಟ ಗಾಜಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮರಗಟ್ಟಿ ಸುಮ್ಮನಾಗುತ್ತದೆ. ರೇಷ್ಮೆದಾರದಿಂದ ಬಿಡಿಸಿದ ಒಂದೇ ಎಳೆಯಲ್ಲಿ ಜೀರುಗಂಟು ಮೊದಲೇ ಹಾಕಿಟ್ಟು, ಮರಿಯನ್ನು ಕುಂಚದಿಂದ ಅದರೊಳಗೆ ತೂರಿಸಿ, ಮೂರನೇ ಒಂದು ಭಾಗದ ಹಿಂದೆ ಎರಡೂ ತುದಿ ಏಕಕಾಲಕ್ಕೆ ಎಳೆಯಬೇಕು. ಮಿದುಳಿನ ಹಿಂದಿನ ಉಂಗುರಗ್ರಂಥಿ, ಅಂದರೆ ಎಕ್ಡೈಸೋನ್ ಹುಟ್ಟುವ ಜಾಗ, ಗಂಟಿನ ಮುಂದೆ ಉಳಿಯುತ್ತದೆ.

ಕಡುನೀಲಿ ಹಂತದಲ್ಲಿ ಕಟ್ಟಿದವುಗಳಲ್ಲಿ ಮುಂಭಾಗ ಕುಗ್ಗಿ, ಗಡುಸಾಗಿ, ಕಂದಾಯಿತು. ಹಿಂಭಾಗ ಬಿಳಿ, ಮೆದು, ಕರುಳಿನ ನೀಲಿ ಇನ್ನೂ ಹಾಗೇ. ಒಂದೇ ಪ್ರಾಣಿಯ ಎರಡು ಭಾಗ, ಒಂದೇ ವಂಶವಾಹಿಗಳ ಗುಚ್ಛ, ಆದರೆ ಒಂದು ಪ್ಯೂಪಾ ಹಾದಿಯಲ್ಲಿ, ಇನ್ನೊಂದು ಮರಿ. ತೀರ ತಡವಾಗಿ, ಬಣ್ಣ ಹೋದ ಮೇಲೆ ಕಟ್ಟಿದವುಗಳಲ್ಲಿ ಎರಡೂ ಭಾಗ ಕಂದಾದವು. ಹಾರ್ಮೋನು ಆಗಲೇ ಹಿಂದಕ್ಕೆ ದಾಟಿತ್ತು. ನೀಲಿಯ ತಿಳಿಯಾಗುವಿಕೆ ಯಾಕೆ ಅಷ್ಟು ನಂಬಿಕಸ್ಥ ಗಡಿಯಾರ ಎಂಬುದು ಇಲ್ಲಿ ಅರ್ಥವಾಯಿತು.

ತಟ್ಟೆಯಲ್ಲಿ ಹಾರ್ಮೋನು

ಉಂಗುರಗ್ರಂಥಿ ಸುರಿಸುವ ಎಕ್ಡೈಸೋನನ್ನು ಕೊಬ್ಬು ಮೊದಲಾದ ಅಂಗಾಂಶಗಳು 20-ಹೈಡ್ರಾಕ್ಸಿಎಕ್ಡೈಸೋನ್ ಆಗಿ ಬದಲಿಸುತ್ತವೆ. ಇಲ್ಲಿ ಜೋರಿನಿಂದ ಕೆಲಸ ಮಾಡುವುದು ಅದು. ಅದರ ಅಣುತೂಕ 480.6. ಒಂದು ಮಿಲಿಗ್ರಾಂ ಅನ್ನು ಒಂದು ಮಿಲಿಲೀಟರ್ ಎಥನಾಲಿನಲ್ಲಿ ಕರಗಿಸಿದರೆ ಸುಮಾರು 2 ಮಿಲಿಮೋಲಾರ್. ಅದರ ಒಂದು ಮೈಕ್ರೋಲೀಟರ್ ಅನ್ನು 2 ಮಿಲಿಲೀಟರ್ ಗ್ರೇಸ್ ಪೋಷಕ ದ್ರವಕ್ಕೆ ಹಾಕಿದರೆ 1 ಮೈಕ್ರೋಮೋಲಾರ್. ಮುಂಗಡ ಉಬ್ಬುಗಳಿಗೆ ಇಷ್ಟು ಧಾರಾಳ.

ಈ ಪ್ರಯೋಗದ ಸೊಗಸು ಹೋಲಿಕೆಯಲ್ಲಿದೆ. ಒಂದು ಮರಿಗೆ ಎರಡು ಗ್ರಂಥಿ. ಕಡುನೀಲಿ ಮರಿಯ ಜೋಡಿಯನ್ನು ಬಿಡಿಸಿ, ಒಂದನ್ನು ಹಾರ್ಮೋನು ಇರುವ ದ್ರವಕ್ಕೆ, ಇನ್ನೊಂದನ್ನು ಅಷ್ಟೇ ಎಥನಾಲ್ ಮಾತ್ರ ಇರುವ ದ್ರವಕ್ಕೆ ಹಾಕಬೇಕು. ವಯಸ್ಸು, ಆಹಾರ, ಶಾಖ, ತಾಯಿತಂದೆ ಎಲ್ಲವೂ ಒಂದೇ. ಬೇರೆಯಾಗಿರುವುದು ಹಾರ್ಮೋನು ಮಾತ್ರ. ಗುಳಿಯಿರುವ ಸ್ಲೈಡಿನಲ್ಲಿ ದ್ರವ ತೆಳುವಾಗಿರಲಿ. ಆಳವಾದರೆ ಗ್ರಂಥಿಗೆ ಆಮ್ಲಜನಕ ಸಾಲದು. ಒದ್ದೆ ಕಾಗದ ಹಾಸಿದ ಮುಚ್ಚಿದ ತಟ್ಟೆಯೊಳಗೆ ಇಟ್ಟು, ತಟ್ಟೆಯನ್ನು 25 ಡಿಗ್ರಿಯ ಪೆಟ್ಟಿಗೆಗೆ ಸೇರಿಸಿದೆ.

ಅರ್ಧ ಗಂಟೆಗೆ ತೆಗೆದು ಒತ್ತಿದವುಗಳಲ್ಲಿ 74ಇಎಫ್ ಮತ್ತು 75ಬಿ ಆಗಲೇ ಸಡಿಲವಾಗಿದ್ದವು, ಪಟ್ಟಿಯ ಅಂಚು ಅಳಿಸಿದ ಹಾಗೆ. ಎರಡು ಗಂಟೆಗೆ ಅನುಮಾನಕ್ಕೆ ಎಡೆಯಿಲ್ಲದ ಉಬ್ಬು. ನಾಲ್ಕು ಗಂಟೆಗೆ ಪೂರ್ಣ, ಜೊತೆಗೆ 68ಸಿ ಇಳಿದುಹೋಗಿತ್ತು. ಎಥನಾಲಿನ ಜೊತೆಗಾರ ಗ್ರಂಥಿಯಲ್ಲಿ 68ಸಿ ಇದ್ದ ಹಾಗೇ, 74ಇಎಫ್ ಬಿಗಿಯಾಗಿಯೇ ಉಳಿದಿತ್ತು. ಎರಡು ಸ್ಲೈಡುಗಳನ್ನು ಒಂದರ ಪಕ್ಕ ಒಂದಿಟ್ಟು ಆ ತೋಳನ್ನೇ ನೋಡಿದರೆ ಸಾಕು, ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ.

ಹಾರ್ಮೋನಿನಲ್ಲಿದ್ದ ಗ್ರಂಥಿಗಳನ್ನು ನಡುವೆ ತೆಗೆದು, ಬರೀ ದ್ರವದಲ್ಲಿ ಹಲವು ಸಲ ತೊಳೆದು ಇಟ್ಟಾಗ ಮುಂಗಡ ಉಬ್ಬುಗಳು ಬೇಗ ಇಳಿದವು. ಆಶ್‌ಬರ್ನರ್ ಮತ್ತು ರಿಚರ್ಡ್ಸ್ 1976ರಲ್ಲಿ ತೋರಿಸಿದ್ದು ಇದನ್ನೇ. ಜೊತೆಗೆ, ಹೀಗೆ ತೊಳೆದಾಗ ಕೆಲವು ತಡದ ಉಬ್ಬುಗಳು ಅವಧಿಗೆ ಮೊದಲೇ ಏಳುತ್ತವೆ ಎಂಬುದನ್ನೂ ಅವರು ಕಂಡರು. ತಡದವನ್ನು ಹಾರ್ಮೋನು-ಗ್ರಾಹಕ ಜೋಡಿ ಹಿಡಿದಿಟ್ಟಿರುತ್ತದೆ ಎಂಬ ತರ್ಕಕ್ಕೆ ಇದು ಬಲವಾದ ಆಧಾರ. ಸೈಕ್ಲೋಹೆಕ್ಸಿಮೈಡ್ ಭಾಗವನ್ನು ನಾನು ಮಾಡಲಿಲ್ಲ. ಅದು ವಿಷ, ಸರಿಯಾದ ಪ್ರಯೋಗಾಲಯದ ಹೊರಗೆ ಮುಟ್ಟಬಾರದು.

ಎರಡನೆಯ ಅಲೆ

ಕವಚ ಕಟ್ಟಿದ ಮೇಲೆ ಹಾರ್ಮೋನು ಇಳಿಯುತ್ತದೆ, ಸೊನ್ನೆ ಗಂಟೆಯಿಂದ ಎಣಿಸಿ ಸುಮಾರು 10 ಗಂಟೆಯಾದಾಗ ಮತ್ತೆ ಏರುತ್ತದೆ. ನಡುವಿನ ತಗ್ಗಿನಲ್ಲಿ, 6ರಿಂದ 10 ಗಂಟೆಯ ಒಳಗೆ, 75ಸಿಡಿ ಉಬ್ಬುತ್ತದೆ. ಅಲ್ಲಿರುವುದು ಬೀಟಾ-ಎಫ್‌ಟಿಝಡ್-ಎಫ್1 ಎಂಬ ವಂಶವಾಹಿ. ಹಾರ್ಮೋನು ಹೆಚ್ಚಿರುವಾಗ ಇದು ಏಳುವುದಿಲ್ಲ, ಮೊದಲ ಅಲೆ ಇಳಿಯಲೇಬೇಕು. ಇದರ ಪ್ರೋಟೀನು ಸಿದ್ಧವಾಗಿರುವುದರಿಂದಲೇ ಎರಡನೆಯ ಅಲೆ ಬಂದಾಗ 74ಇಎಫ್ ಮತ್ತು 75ಬಿ ಮತ್ತೊಮ್ಮೆ ಏಳುವ ಜೊತೆಗೆ, ಮೊದಲ ಅಲೆಗೆ ಮಿಸುಕಾಡದ 93ಎಫ್ ಕೂಡ ಉಬ್ಬುತ್ತದೆ. ಅಲ್ಲಿನ ಇ93 ಈ ಗ್ರಂಥಿಯನ್ನು ಸಾವಿಗೆ ಸಿದ್ಧಮಾಡುತ್ತದೆ. 15 ಗಂಟೆಯ ಆಸುಪಾಸಿಗೆ ಗ್ರಂಥಿ ಕರಗತೊಡಗಿರುತ್ತದೆ. ಬೇರೆ ಕೀಟಗಳಲ್ಲಿ ಪ್ರೌಢ ರೂಪವನ್ನು ಕಟ್ಟಿಸುವುದೂ ಇದೇ ಇ93, ಬಾಲ್ಯ ಹಾರ್ಮೋನಿನ ಕೆಆರ್-ಎಚ್1 ತಡೆಹಿಡಿಯುವುದು ಇದನ್ನೇ. ಹಾರ್ಮೋನು ಹೊತ್ತು ತರುವ ಮಾತು ಎರಡೂ ಸಲ ಒಂದೇ. ಕೇಳುವ ಕೋಶದಲ್ಲಿ ಆ ಹೊತ್ತಿಗೆ ಯಾವ ಪ್ರೋಟೀನುಗಳಿವೆ ಎಂಬುದು ಬೇರೆ.

ಪ್ರಿಪ್ಯೂಪಾದ ಗ್ರಂಥಿ ತೆಗೆಯುವುದು ಮರಿಯದ್ದಕ್ಕಿಂತ ಕಷ್ಟ. ಕವಚವನ್ನು ಎರಡಂಟಿನ ಟೇಪಿಗೆ ಅಂಟಿಸಿ, ಮುಂದಿನ ಮುಚ್ಚಳದಂಥ ಭಾಗವನ್ನು ಚಿಮುಟದಿಂದ ಎಬ್ಬಿಸಿ, ಮೈಯನ್ನು ಉಪ್ಪುನೀರಿಗೆ ಜಾರಿಸಿಕೊಳ್ಳಬೇಕು. ಗ್ರಂಥಿ ಈಗ ಮೆತ್ತಗೆ, ಎಳೆದರೆ ಹರಿಯುತ್ತದೆ. ಆಮ್ಲದಲ್ಲಿ ಅರ್ಧ ನಿಮಿಷದ ಬದಲು ಒಂದು ನಿಮಿಷ ಬಿಟ್ಟರೆ ಸ್ವಲ್ಪ ಗಟ್ಟಿಯಾಗುತ್ತದೆ. 11 ಗಂಟೆಯ ಪ್ರಿಪ್ಯೂಪಾಗಳಿಂದ 74ಇಎಫ್‌ನ ಎರಡನೆಯ ಏರಿಕೆ ಚೆನ್ನಾಗಿ ಸಿಕ್ಕಿತು. 93ಎಫ್ ಇರುವುದು ಮೂರನೆಯದರ ಬಲತೋಳಿನಲ್ಲಿ, ಆ ತೋಳನ್ನು ಓದುವ ಅಭ್ಯಾಸ ಈಗ ನಡೆದಿದೆ. 75ಸಿಡಿಗೆ 6, 8, 10 ಗಂಟೆಯ ಗುಂಪುಗಳನ್ನು ಬೇರೆ ಬೇರೆ ಶೀಶೆಗಳಲ್ಲಿ ಗುರುತು ಹಾಕಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.